ಊರಿಗೆ ಹೆಸರು ತಂದ ಬಿಯರು

ಈ ಭಾಷಣಕ್ಕೆ ನಾನು ಆಯ್ದುಕೊಂಡ ವಿಷಯವನ್ನು ಕೇಳಿ ನನ್ನನ್ನು ಬಲ್ಲ ಮಿತ್ರರು ನಕ್ಕರು. ಕಾಫಿಗಿಂತ ಕಡುವಾದುದನ್ನು ನಾಲಗೆಗೆ ಸೋಕಿಸದ ನಾನು ಅಮೆರಿಕದ ಹಳೆಯ ಬಿಯರುಗಳ ಚರಿತ್ರೆಯನ್ನು ಹೇಳಹೊರಡುವುದು ವಿನೋದವೇ ಸರಿ. ಆದರೆ ನಾನು ಜೀವಮಾನವೆಲ್ಲ ಪಾಠ ಹೇಳಿದ್ದು ಸೂಕ್ಷ್ಮಜೀವಿಶಾಸ್ತ್ರವನ್ನು. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿಯ ಗುಣದೋಷಗಳನ್ನು ಬಿಯರಿನ ಮಾತೆತ್ತದೆ ವಿವರಿಸಲು ಸಾಧ್ಯವಿಲ್ಲ. ಆದುದರಿಂದ ಕುಡಿಯದವನಿಗೂ ಈ ವಿಷಯದಲ್ಲಿ ಒಂದಿಷ್ಟು ಅಧಿಕಾರ ಉಂಟೆಂದು ಶ್ರೋತೃಗಳು ಒಪ್ಪಬೇಕು.

1972ರಲ್ಲಿ ನಾನು ಹೆಚ್ಚಿನ ವ್ಯಾಸಂಗಕ್ಕೆಂದು ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ ನಗರಕ್ಕೆ ಹೋದೆ. ಅಲ್ಲಿಂದ ಪೂರ್ವಕ್ಕೆ ನೂರಿಪ್ಪತ್ತೈದು ಕಿಲೋಮೀಟರು ಹೋದರೆ ಮಿಷಿಗನ್ ಸರೋವರದ ದಡದಲ್ಲಿ ಮಿಲ್ವಾಕಿ ಎಂಬ ಊರು. ಆ ಊರನ್ನು ನಾನು ಕಣ್ಣಿನಿಂದ ನೋಡುವ ಮೊದಲೇ ಮೂಗಿನಿಂದ ಅರಿತೆನೆಂದು ಹೇಳಬೇಕು. ಬಸ್ಸಿನಿಂದ ಇಳಿಯುತ್ತಲೇ ಹುರಿದ ಧಾನ್ಯವನ್ನು ಬಿಸಿನೀರಿನಲ್ಲಿ ಕಲಸಿದಂಥ ಬೆಚ್ಚನೆಯ ವಾಸನೆ ಬಂತು. ಮಕ್ಕಳಿಗೆ ರಾಗಿಯ ಸರಿ ಕಾಯಿಸುವ ನಮ್ಮ ಅಡಿಗೆಮನೆಯ ನೆನಪಾಯಿತು. ಅದು ಊರಿನ ಬಿಯರ್ ಕಾರ್ಖಾನೆಗಳಿಂದ ಬರುವ ಮಾಲ್ಟಿನ ವಾಸನೆ ಎಂದು ಜೊತೆಯವರು ಹೇಳಿದರು. ಅಂದು ನಮ್ಮ ತರಗತಿಯನ್ನೆಲ್ಲ ಒಂದು ಬ್ರೂವರಿಯ ಒಳಗೆ ಕರೆದುಕೊಂಡು ಹೋದರು. ನಮಗೆ ದಾರಿ ತೋರಿಸಿದವರು ಅಲ್ಲಿಯೇ ದುಡಿದು ಮುಪ್ಪಾಗಿದ್ದ ಒಬ್ಬ ಕೆಲಸಗಾರರು. ಬೃಹದಾಕಾರದ ತಾಮ್ರದ ಕೊಪ್ಪರಿಗೆಗಳನ್ನು ತೋರಿಸಿ ಅವರು, "ಇಲ್ಲಿ ಕುದಿಸುವುದು ಒಂದು ದಿನದ ಕೆಲಸ. ಮಿಕ್ಕದ್ದೆಲ್ಲ ಕಾಯುವ ಕೆಲಸ. ನಮಗೆ ಸಂಬಳ ಕೊಡುವುದು ಕಾಯುವುದಕ್ಕೆ" ಎಂದರು. ಕೊನೆಯಲ್ಲಿ ಎಲ್ಲರಿಗೂ ಒಂದೊಂದು ಲೋಟ ಬಿಯರ್ ಕೊಟ್ಟರು. ನನ್ನ ಪಾಲನ್ನು ಆ ಹಿರಿಯರಿಗೇ ಒಪ್ಪಿಸಿ, ಅವರ ಮಾತನ್ನು ಮಾತ್ರ ಕಟ್ಟಿಕೊಂಡು ಬಂದೆ. ಇಂದು ಹೇಳಲಿರುವ ಕಥೆಗೆ ಆ ಮಾತೇ ಬೀಜ.

ಕಾಯುವುದೇಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಮನೆಗಳಲ್ಲಿ ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹುರಿದು ಬೀಸುವುದುಂಟು. ಬಾರ್ಲಿಯನ್ನು ಹಾಗೆಯೇ ಮಾಡಿದರೆ ಬಿಯರಿನ ಮಾಲ್ಟ್ ಆಗುತ್ತದೆ. ಮೊಳಕೆಯೊಡೆಯುವ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಜಾಗೃತವಾಗಿರುತ್ತದೆ. ಆ ಮಾಲ್ಟನ್ನು ಬಿಸಿನೀರಿನಲ್ಲಿ ಕದಡಿ, ಸೋಸಿ, ಹಾಪ್ಸ್ ಎಂಬ ಬಳ್ಳಿಯ ಕಹಿಯಾದ ಹೂಗಳನ್ನು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ದೋಸೆಯ ಹಿಟ್ಟು ಬೇಸಗೆಯಲ್ಲಿ ಒಂದೇ ರಾತ್ರಿಗೆ ಉಕ್ಕುತ್ತದೆ, ಮಾಗಿಯ ಚಳಿಯಲ್ಲಿ ಮೊಂಡು ಹಿಡಿಯುತ್ತದೆ. ಇದು ಪ್ರತಿಯೊಬ್ಬ ಗೃಹಿಣಿಗೂ ಗೊತ್ತು. ಯೀಸ್ಟಿನ ಸ್ವಭಾವವೂ ಅಂಥದೇ. ಇಂಗ್ಲಿಷರ ಹಳೆಯ ಬಿಯರುಗಳ ಯೀಸ್ಟು ಬೆಚ್ಚಗಿದ್ದಲ್ಲಿ ಬೇಗ ಕೆಲಸ ಮುಗಿಸಿ ಮೇಲೆ ತೇಲುತ್ತದೆ. ಜರ್ಮನರು ಬಳಸುವ ಒಂದು ಜಾತಿಯ ಯೀಸ್ಟು ಮಾತ್ರ ಚಳಿಯಲ್ಲಿಯೇ, ನಿಧಾನವಾಗಿ ದುಡಿದು ಪಾತ್ರೆಯ ತಳಕ್ಕೆ ಇಳಿಯುತ್ತದೆ. ಆ ಮೇಲೂ ಬಿಯರನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಶೀತದಲ್ಲಿ ಇಟ್ಟರೆ ಒರಟು ರುಚಿಗಳು ಕರಗಿ, ಮಡ್ಡಿ ಇಳಿದು, ಹೊನ್ನಿನ ಬಣ್ಣದ ತಿಳಿ ಪಾನೀಯವಾಗುತ್ತದೆ. ಇದಕ್ಕೆ ಲಾಗರ್ ಎಂದು ಹೆಸರು. ಜರ್ಮನ್ ಭಾಷೆಯಲ್ಲಿ ಆ ಶಬ್ದಕ್ಕೆ ಉಗ್ರಾಣ, ಶೇಖರಿಸಿಡುವ ಜಾಗ ಎಂಬ ಅರ್ಥ. ಹೆಸರಿನಲ್ಲಿಯೇ ಕಾಯುವಿಕೆ ಅಡಗಿದೆ.

1840ರ ದಶಕದಲ್ಲಿ ಜರ್ಮನರು ಸಹಸ್ರಾರು ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಬಂದರು. ಬರುವಾಗ ಈ ಯೀಸ್ಟನ್ನೂ ತಂದರು. ಅವರಲ್ಲಿ ಬಹುಮಂದಿ ನೆಲೆಸಿದ ಮಿಲ್ವಾಕಿಯಲ್ಲಿ ಲಾಗರಿಗೆ ಬೇಕಾದುದೆಲ್ಲ ಒಟ್ಟಿಗೆ ಸಿಕ್ಕಿತು. ಸುತ್ತಲಿನ ಹೊಲಗಳಲ್ಲಿ ಬಾರ್ಲಿ, ಹಾಪ್ಸ್; ಚಳಿಗಾಲದಲ್ಲಿ ಹೆಪ್ಪುಗಟ್ಟುವ ನದಿ ಸರೋವರಗಳಿಂದ ಕೊಯ್ದು ತಂದ ಹಿಮಗಡ್ಡೆ. ಇಟ್ಟಿಗೆಯನ್ನು ಜೋಡಿಸಿದಂತೆ ನೆಲಮಾಳಿಗೆಗಳಲ್ಲಿ ಹಿಮವನ್ನು ಜೋಡಿಸಿ, ಅದರ ತಂಪಿನಲ್ಲಿ ಬೇಸಗೆಯಿಡೀ ಬಿಯರನ್ನು ಕಾಪಾಡುತ್ತಿದ್ದರು. 1844ರಲ್ಲಿ ಯಾಕೋಬ್ ಬೆಸ್ಟ್, 1849ರಲ್ಲಿ ಆಗಸ್ಟ್ ಕ್ರುಗ್, 1851ರಲ್ಲಿ ವ್ಯಾಲೆಂಟಿನ್ ಬ್ಲಾಟ್ಸ್, 1855ರಲ್ಲಿ ಫ್ರೆಡರಿಕ್ ಮಿಲ್ಲರ್ ಹೀಗೆ ಹತ್ತು ಹನ್ನೆರಡು ವರ್ಷಗಳಲ್ಲಿ ಒಂದೇ ಊರಿನಲ್ಲಿ ನಾಲ್ಕು ಮನೆತನಗಳು ಬೇರೂರಿದವು. ಆದರೆ ಇನ್ನೊಂದು ಕಾರಣವನ್ನೂ ಮರೆಯಬಾರದು. ನ್ಯೂಯಾರ್ಕಿನ ಬಿಯರ್ ತಯಾರಕನಿಗೆ ಕುಡಿಯುವವರು ಮನೆಯ ಬಾಗಿಲಿನಲ್ಲೇ ಲಕ್ಷಗಟ್ಟಲೆ ಇದ್ದರು. ಮಿಲ್ವಾಕಿ ಆಗ ಸಣ್ಣ ಊರು. ಅಲ್ಲಿಯವರು ಬೆಳೆಯಬೇಕಾದರೆ ಸರಕನ್ನು ಹಡಗಿನಲ್ಲಿ, ರೈಲಿನಲ್ಲಿ ಪರಊರಿಗೆ ಕಳುಹಿಸಲೇಬೇಕು. ಕೊರತೆಯೇ ಅವರಿಗೆ ವ್ಯಾಪಾರವನ್ನು ಕಲಿಸಿತು.

ಈ ಮನೆತನಗಳ ಚರಿತ್ರೆ ಅರ್ಧಪಾಲು ಮದುವೆಗಳ ಚರಿತ್ರೆಯೇ ಆಗಿದೆ. ಕ್ರುಗ್‌ನ ಬಳಿ ಲೆಕ್ಕ ಬರೆಯಲು ಸೇರಿದವನು ಯೋಸೆಫ್ ಶ್ಲಿಟ್ಸ್ ಎಂಬ ತರುಣ. 1856ರಲ್ಲಿ ಕ್ರುಗ್ ತೀರಿಕೊಂಡ. ಶ್ಲಿಟ್ಸ್ ಕಾರ್ಖಾನೆಯನ್ನು ನಡೆಸಿಕೊಂಡು ಬಂದು, ಎರಡು ವರ್ಷಗಳ ಬಳಿಕ ಯಜಮಾನನ ವಿಧವೆಯನ್ನು ಮದುವೆಯಾಗಿ ಕಂಪನಿಗೆ ತನ್ನ ಹೆಸರಿಟ್ಟ. ಬ್ಲಾಟ್ಸನೂ ನೆರೆಯ ಬ್ರೂವರಿಯ ಒಡೆಯ ಸತ್ತ ಮೇಲೆ ಆತನ ವಿಧವೆಯ ಕೈಹಿಡಿದು ಎರಡು ಕಾರ್ಖಾನೆಗಳನ್ನು ಒಂದುಮಾಡಿದ. ಬೆಸ್ಟ್ ಮನೆತನದ ಮಗಳನ್ನು ಮದುವೆಯಾದವನು ಫ್ರೆಡರಿಕ್ ಪ್ಯಾಬ್ಸ್ಟ್. ಅವನು ಸರೋವರದ ಮೇಲೆ ಉಗಿಹಡಗು ನಡೆಸುತ್ತಿದ್ದ ಕಪ್ತಾನ. 1889ರಲ್ಲಿ ಕಂಪನಿಯೇ ಪ್ಯಾಬ್ಸ್ಟ್ ಹೆಸರನ್ನು ತಾಳಿತು. ದಕ್ಷಿಣದ ಸೇಂಟ್ ಲೂಯಿಸ್ ನಗರದಲ್ಲಿ ಸಾಬೂನು ತಯಾರಿಸುತ್ತಿದ್ದ ಎಬರ್‌ಹಾರ್ಡ್ ಆನ್‌ಹೈಸರ್ ಸಾಲಕ್ಕೆ ಬಂದ ಬ್ರೂವರಿಯೊಂದನ್ನು ವಹಿಸಿಕೊಂಡ. ಅದನ್ನು ಉದ್ಧರಿಸಿದವನು ಅಳಿಯ ಅಡಾಲ್ಫಸ್ ಬುಷ್. 1876ರಲ್ಲಿ ಬಡ್‌ವೈಸರ್ ಎಂಬ ಬಿಯರನ್ನು ಹೊರತಂದವನು ಈತನೇ. ಮನೆಅಳಿಯನೆಂದರೆ ಮೂಗುಮುರಿಯುವ ನಮ್ಮ ಹಿರಿಯರು ಈ ಕಥೆಗಳನ್ನು ಕೇಳಬೇಕಾಗಿತ್ತು!

ಶ್ಲಿಟ್ಸನ ಅಂತ್ಯ ದಾರುಣವಾದುದು. 1871ರ ಅಕ್ಟೋಬರಿನಲ್ಲಿ ಷಿಕಾಗೋ ನಗರವು ಮಹಾ ಅಗ್ನಿಗೆ ಆಹುತಿಯಾಯಿತು. ಅಲ್ಲಿಯ ಬ್ರೂವರಿಗಳೂ ಸುಟ್ಟುಹೋದವು. ಮಿಲ್ವಾಕಿಯಿಂದ ಷಿಕಾಗೋಗೆ ಶ್ಲಿಟ್ಸನ ಪೀಪಾಯಿಗಳು ಹೋದವು. ನೀರಿಗೂ ಕಷ್ಟವಾದ ಆ ಊರಿಗೆ ಬಿಯರು ಬಂದುದರಿಂದಲೇ ಮಿಲ್ವಾಕಿಯ ಹೆಸರು ಎಲ್ಲರ ಬಾಯಿಗೆ ಬಂತೆಂದು ಕಥೆ ಹೇಳುತ್ತಾರೆ. "ಮಿಲ್ವಾಕಿಗೆ ಕೀರ್ತಿ ತಂದ ಬಿಯರು" ಎಂಬ ಅರ್ಥದ ಘೋಷಣೆ ಮುಂದೆ ಆ ಕಂಪನಿಯ ಸೀಸೆಗಳ ಮೇಲೆಲ್ಲ ಅಚ್ಚಾಯಿತು. 1875ರಲ್ಲಿ ಶ್ಲಿಟ್ಸ್ ತನ್ನ ಹುಟ್ಟಿದ ನಾಡನ್ನು ಕಾಣಲು ಜರ್ಮನಿಗೆ ಹೊರಟ. ಅವನಿದ್ದ ಷಿಲ್ಲರ್ ಎಂಬ ಹಡಗು ಇಂಗ್ಲೆಂಡಿನ ಬಳಿ ಸಿಲ್ಲಿ ದ್ವೀಪಗಳ ಬಂಡೆಗೆ ಬಡಿದು ಒಡೆಯಿತು. ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವನ ದೇಹ ಸಿಗಲೇ ಇಲ್ಲ. ಮಿಲ್ವಾಕಿಯ ರುದ್ರಭೂಮಿಯಲ್ಲಿ ಅವನಿಗೊಂದು ಸ್ಮಾರಕವಿದೆ. ಅದರ ಮೇಲೆ ಹಡಗೊಂದನ್ನು ಕೆತ್ತಿದ್ದಾರೆ. ಕೆಳಗೆ ಮಣ್ಣಿನಲ್ಲಿ ಯಾರೂ ಇಲ್ಲ. ಕಂಪನಿಯು ಕ್ರುಗ್‌ನ ಸೋದರಳಿಯರಾದ ಈಲೈನ್ ಸಹೋದರರ ಕೈಗೆ ಬಂತು. ಹೆಸರನ್ನು ಬದಲಿಸಕೂಡದೆಂದು ಶ್ಲಿಟ್ಸ್ ಉಯಿಲಿನಲ್ಲಿ ಬರೆದಿಟ್ಟಿದ್ದನೆಂಬ ಪ್ರತೀತಿ ಉಂಟು. ಬರೆದಿದ್ದನೋ ಇಲ್ಲವೋ, ಅವರು ಬದಲಿಸಲಿಲ್ಲ. ಒಡೆಯನಿಲ್ಲದ ಹೆಸರು ಮುಂದಿನ ನೂರು ವರ್ಷ ಕಾರ್ಖಾನೆಯ ಚಿಮಣಿಯ ಮೇಲೆ ನಿಂತಿತು.

1873ರಲ್ಲಿ ಅಮೆರಿಕದಲ್ಲಿ 4,131 ಬ್ರೂವರಿಗಳಿದ್ದವು. ಊರಿಗೊಂದರಂತೆ, ಬೀದಿಗೊಂದರಂತೆ ಇದ್ದ ಇವುಗಳ ನಡುವಿನಿಂದ ಕೆಲವು ಮಾತ್ರ ದೈತ್ಯವಾಗಿ ಬೆಳೆದುದಕ್ಕೆ ವಿಜ್ಞಾನವೇ ಕಾರಣ. ಲೂಯಿ ಪಾಶ್ಚರನು 1876ರಲ್ಲಿ ಬಿಯರನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ. ಹದವಾಗಿ ಬಿಸಿಮಾಡಿದ ಸೀಸೆಯ ಬಿಯರು ದೂರಪ್ರಯಾಣದಲ್ಲಿಯೂ ಕೆಡುವುದಿಲ್ಲವೆಂಬುದು ಆಗ ಸ್ಥಿರಪಟ್ಟಿತು. ಹಿಮ ತುಂಬಿದ ರೈಲುಗಾಡಿಗಳು ಬಂದವು. ಹಿಮ ಕೊಯ್ಯುವವರ ಜಾಗಕ್ಕೆ ಶೀತಲಯಂತ್ರಗಳು ಬಂದವು. 1892ರಲ್ಲಿ ವಿಲಿಯಂ ಪೇಂಟರ್ ಎಂಬಾತ ಇಂದಿಗೂ ನಾವು ಸೋಡಾ ಸೀಸೆಗಳ ಮೇಲೆ ಕಾಣುವ ನಿರಿಗೆಯ ತಗಡಿನ ಮುಚ್ಚಳಕ್ಕೆ ಪೇಟೆಂಟ್ ಪಡೆದ. ಪ್ಯಾಬ್ಸ್ಟ್ ಕಂಪನಿಯು 1882ರಿಂದ ತನ್ನ ಶ್ರೇಷ್ಠ ಬಿಯರಿನ ಸೀಸೆಯ ಕೊರಳಿಗೆ ನೀಲಿ ರೇಷ್ಮೆಯ ಪಟ್ಟಿಯನ್ನು ಕೈಯಿಂದ ಕಟ್ಟಿಸುತ್ತಿತ್ತು. ಓದುಬಾರದವನೂ ಅಂಗಡಿಯಲ್ಲಿ "ಆ ನೀಲಿ ಪಟ್ಟಿಯದು ಕೊಡಿ" ಎನ್ನಬಹುದಾಗಿತ್ತು. ಇಂದಿಗೂ ಆ ಬಿಯರಿಗೆ ನೀಲಿಪಟ್ಟಿ ಎಂದೇ ಹೆಸರು. ಈಗ ಅದು ಬರಿಯ ಚಿತ್ರ, ರೇಷ್ಮೆಯಿಲ್ಲ. ಶ್ಲಿಟ್ಸ್ 1902ರಲ್ಲಿ ಇವರೆಲ್ಲರನ್ನೂ ಮೀರಿಸಿ, ವರ್ಷಕ್ಕೆ 10 ಲಕ್ಷ ಪೀಪಾಯಿಗಳ ಮಾರಾಟದೊಡನೆ ಪ್ರಥಮ ಸ್ಥಾನಕ್ಕೇರಿತು. ಅಮೆರಿಕದ ಬಿಯರ್ ಪೀಪಾಯಿ ಎಂದರೆ ಸುಮಾರು 117 ಲೀಟರು.

ಈ ಏಳಿಗೆಯ ಕಾಲದ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕ್ಲಾಡ್ ಹಾಪ್‌ಕಿನ್ಸ್ ಎಂಬವನು ಆ ಕಾಲದ ಪ್ರಖ್ಯಾತ ಜಾಹೀರಾತು ಬರಹಗಾರ. 1927ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಇದನ್ನು ಬರೆದಿದ್ದಾನೆ. ಆಗ ಎಲ್ಲ ಕಂಪನಿಗಳೂ ತಮ್ಮ ಬಿಯರು ಶುದ್ಧ ಎಂದು ದೊಡ್ಡ ಅಕ್ಷರಗಳಲ್ಲಿ ಸಾರುತ್ತಿದ್ದವು. ಯಾರ ಮನಸ್ಸಿಗೂ ಅದು ತಾಗುತ್ತಿರಲಿಲ್ಲ. ಹಾಪ್‌ಕಿನ್ಸ್ ಶ್ಲಿಟ್ಸ್ ಕಾರ್ಖಾನೆಯನ್ನು ನೋಡಹೋದ. ಗಾಜಿನ ಕೋಣೆಯಲ್ಲಿ ಸೋಸಿದ ಗಾಳಿಯ ನಡುವೆ ಬಿಯರನ್ನು ತಣಿಸುವುದನ್ನು ಕಂಡ. ಸರೋವರ ಪಕ್ಕದಲ್ಲಿಯೇ ಇದ್ದರೂ ಆಳವಾದ ಕೊಳವೆಬಾವಿಯಿಂದ ನೀರೆತ್ತುವುದನ್ನು ಕಂಡ. ಸೀಸೆಗಳನ್ನು ಮತ್ತೆ ಮತ್ತೆ ಯಂತ್ರದಿಂದ ತೊಳೆಯುವುದನ್ನು ಕಂಡ. ಬಿಯರನ್ನು ಆರು ತಿಂಗಳು ಕೂಡಿಟ್ಟು ಹದಗೊಳಿಸುವ ತೊಟ್ಟಿಗಳನ್ನು ತೋರಿಸಿದರು. ಬೆರಗಾಗಿ, "ಇದನ್ನೆಲ್ಲ ನೀವು ಜನರಿಗೇಕೆ ಹೇಳುವುದಿಲ್ಲ?" ಎಂದು ಕೇಳಿದ. ಎಲ್ಲರೂ ಹೀಗೆಯೇ ಮಾಡುತ್ತಾರೆ, ಇದರಲ್ಲಿ ನಮ್ಮ ವಿಶೇಷವೇನೂ ಇಲ್ಲವೆಂದು ಅವರು ಉತ್ತರಕೊಟ್ಟರು. ಹಾಪ್‌ಕಿನ್ಸ್ ಅದನ್ನೇ ಬರೆದ. ಶ್ಲಿಟ್ಸಿನ ಮಾರಾಟ ನೋಡನೋಡುತ್ತ ಏರಿತು. ಜಾಹೀರಾತು ಕಲೆಯ ಉಪಾಧ್ಯಾಯರು ಇದನ್ನು ಇಂದಿಗೂ ಜಾಣತನದ ಉದಾಹರಣೆಯೆಂದು ಪಾಠ ಹೇಳುತ್ತಾರೆ. ನನಗೆ ಇದರಲ್ಲಿ ಕಾಣುವುದು ಬೇರೆ. ಅವನು ಸುಳ್ಳು ಬರೆಯಲಿಲ್ಲ. ಆ ಆರು ತಿಂಗಳು, ಆ ತೊಳೆದ ಸೀಸೆ ನಿಜವಾಗಿಯೂ ಅಲ್ಲಿದ್ದವು. ಹೆಸರು ಅವುಗಳ ಮೇಲೆ ನಿಂತಿತ್ತು.

ಏರಿದ್ದಕ್ಕೆ ಇಳಿತವುಂಟು. ಬಿಯರ್ ಕಂಪನಿಗಳು ಬೀದಿಬೀದಿಗೂ ಸಲೂನುಗಳನ್ನು, ಅಂದರೆ ಪಾನಗೃಹಗಳನ್ನು, ತಾವೇ ಕಟ್ಟಿಸಿ ತಮ್ಮ ಬಿಯರನ್ನು ಮಾತ್ರ ಮಾರಿಸುತ್ತಿದ್ದವು. ಷಿಕಾಗೋದಲ್ಲಿ ಶ್ಲಿಟ್ಸಿನ ಭೂಗೋಳದ ಚಿಹ್ನೆಯನ್ನು ಹೊತ್ತ ಅಂಥ ಕಟ್ಟಡಗಳು ಈಗಲೂ ಕೆಲವು ಉಳಿದಿವೆ. ಶನಿವಾರದ ಕೂಲಿಯು ಮನೆ ಸೇರುವ ಮೊದಲೇ ಅಲ್ಲಿ ಕರಗುತ್ತಿತ್ತು. ಇದರ ಬೇಗೆಯನ್ನು ಉಂಡವರು ಹೆಂಗಸರು ಮತ್ತು ಮಕ್ಕಳು. ಸಲೂನುಗಳ ವಿರುದ್ಧ ಎದ್ದ ಚಳವಳಿಯನ್ನು ಬರಿಯ ಮಡಿವಂತಿಕೆಯೆಂದು ಹಾಸ್ಯಮಾಡುವವರಿದ್ದಾರೆ, ಅದು ನ್ಯಾಯವಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕವು ಜರ್ಮನಿಯ ಮೇಲೆ ಹೋರಾಟಕ್ಕಿಳಿದಾಗ ಜರ್ಮನ್ ಹೆಸರಿನ ಬ್ರೂವರಿಗಳ ಪರವಾಗಿ ಮಾತನಾಡುವವರೇ ಇಲ್ಲವಾದರು. 1920ರ ಜನವರಿಯಲ್ಲಿ ಪಾನನಿರೋಧವು ರಾಷ್ಟ್ರದ ಸಂವಿಧಾನದ ಅಂಗವಾಗಿ ಜಾರಿಗೆ ಬಂತು.

ಮುಂದಿನ ಹದಿಮೂರು ವರ್ಷಗಳಲ್ಲಿ ಈ ದೊಡ್ಡ ಮನೆತನಗಳು ಪಟ್ಟ ಪಾಡು ವಿಚಿತ್ರವಾದುದು. ಪ್ಯಾಬ್ಸ್ಟ್ ಕಂಪನಿ ಗಿಣ್ಣಿನಂಥ ಚೀಸು ಮಾಡಿ ಮಾರಿತು. 1829ರಲ್ಲಿ ಪೆನ್ಸಿಲ್ವೇನಿಯದ ಪಾಟ್ಸ್‌ವಿಲ್‌ನಲ್ಲಿ ಹುಟ್ಟಿ, ಉಳಿದವುಗಳಲ್ಲೆಲ್ಲ ಹಳೆಯದೆನಿಸಿದ ಯೂಂಗ್ಲಿಂಗ್ ಬ್ರೂವರಿಯವರು ಡೈರಿ ತೆರೆದು ಐಸ್‌ಕ್ರೀಮ್ ಮಾಡಿದರು. ಶ್ಲಿಟ್ಸ್ ತನ್ನ ಹೆಸರಿನಲ್ಲಿದ್ದ ಬಿಯರ್ ಎಂಬ ಮಾತಿನ ಗುರುತನ್ನೇ ಅಳಿಸಿ ಪಾನೀಯಗಳ ಕಂಪನಿಯೆಂದು ಕರೆದುಕೊಂಡು, ಮಾಲ್ಟಿನ ಪಾಕವನ್ನೂ ಯೀಸ್ಟನ್ನೂ ಮಾರಿತು. ಆ ಪಾಕವನ್ನು ಕೊಂಡ ಗೃಹಸ್ಥರು ಮನೆಯಲ್ಲಿ ಅದರಿಂದ ಏನು ಮಾಡುತ್ತಿದ್ದರೆಂಬುದನ್ನು ಕಂಪನಿಯೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಲೈನರು ತಮ್ಮ ಮನೆತನದ ಹೆಸರಿನ ಉಚ್ಚಾರಣೆಯನ್ನೇ ಇಟ್ಟು ಚಾಕೊಲೇಟ್ ಕಾರ್ಖಾನೆಯನ್ನೂ ತೆರೆದು ಅಪಾರ ಹಣ ಕಳೆದುಕೊಂಡರು. ಸಣ್ಣಪುಟ್ಟ ಬ್ರೂವರಿಗಳಿಗೆ ಇಂಥ ಸಾಹಸಕ್ಕೂ ಶಕ್ತಿಯಿರಲಿಲ್ಲ. ಅವು ಬಾಗಿಲು ಹಾಕಿದವು. ಬಹುಪಾಲು ಮತ್ತೆ ತೆರೆಯಲೇ ಇಲ್ಲ.

1933ರ ಏಪ್ರಿಲ್ 7ರಂದು ಲಘು ಬಿಯರಿಗೆ ಅನುಮತಿ ಸಿಕ್ಕಿತು. ಅದೇ ಡಿಸೆಂಬರಿನಲ್ಲಿ ಪಾನನಿರೋಧವೇ ರದ್ದಾಯಿತು. ಶ್ಲಿಟ್ಸ್ ಬಲುಬೇಗ ತನ್ನ ಪ್ರಥಮ ಸ್ಥಾನವನ್ನು ಮರಳಿ ಪಡೆಯಿತು. 1935ರಲ್ಲಿ ಬಿಯರು ತಗಡಿನ ಡಬ್ಬದಲ್ಲಿ ಬಂತು. ಸಲೂನಿಗೆ ಹೋಗಿ ಕುಡಿಯುತ್ತಿದ್ದವನು ಅಂಗಡಿಯಿಂದ ಮನೆಗೆ ಒಯ್ಯುವವನಾದ. ಊರ ಬಿಯರಿನ ಅಭಿಮಾನ ಕರಗಿ, ರೇಡಿಯೋ ಟೆಲಿವಿಷನ್‌ಗಳಲ್ಲಿ ಕೇಳಿದ ಹೆಸರಿಗೆ ಬೆಲೆ ಬಂತು. 1953ರಲ್ಲಿ ಮಿಲ್ವಾಕಿಯ ಬ್ರೂವರಿ ಕೆಲಸಗಾರರು 76 ದಿನ ಮುಷ್ಕರ ಹೂಡಿದರು. ಆ ಬೇಸಗೆಯಲ್ಲಿ ಸೇಂಟ್ ಲೂಯಿಸಿನ ಬಡ್‌ವೈಸರ್ ಮುಂದಕ್ಕೆ ಬಂತು. 1957ರಿಂದ ಆಚೆಗೆ ಶ್ಲಿಟ್ಸ್ ಎರಡನೆಯದಾಗಿಯೇ ಉಳಿಯಿತು.

ಎರಡನೆಯ ಸ್ಥಾನವೆಂದರೆ ಅವಮಾನವೇನಲ್ಲ. ಆದರೆ ಅದೇ ಅವರನ್ನು ಕೊರೆಯತೊಡಗಿತು. ಆಗಸ್ಟ್ ಈಲೈನನ ಮೊಮ್ಮಗ ರಾಬರ್ಟ್ ಈಲೈನ್ 1960ರ ದಶಕದಲ್ಲಿ ಕಂಪನಿಯ ಸೂತ್ರ ಹಿಡಿದಿದ್ದ. ಹೊಸ, ಬೃಹತ್ತಾದ ಕಾರ್ಖಾನೆಗಳನ್ನು ಕಟ್ಟಿಸಿದ. ಒಂದೊಂದು ಪೀಪಾಯಿಗೂ ತಗಲುವ ಖರ್ಚನ್ನು ಇಳಿಸಿದರೆ ಬಡ್‌ವೈಸರನ್ನು ಹಿಡಿಯಬಹುದೆಂದು ಲೆಕ್ಕಹಾಕಿದರು. ಖರ್ಚನ್ನು ಎಲ್ಲಿ ಇಳಿಸಬೇಕು? ತೊಟ್ಟಿಯಲ್ಲಿ ನಿಂತ ಬಿಯರು ನಿಂತ ಹಣವಲ್ಲವೆ? ಹುದುಗುವ ಉಷ್ಣತೆಯನ್ನು ಏರಿಸಿದರು. ಯೀಸ್ಟು ತೊಟ್ಟಿಯಲ್ಲಿ ಎಡೆಬಿಡದೆ ಕದಡುವಂತೆ ಮಾಡಿದರು. ಕೆಲಸ ಹಲವು ದಿನ ಮುಂಚೆಯೇ ಮುಗಿಯಿತು. ಮಾಲ್ಟಿನ ಒಂದು ಭಾಗಕ್ಕೆ ಬದಲಾಗಿ ಅಗ್ಗದ ಮೆಕ್ಕೆಜೋಳದ ಪಾಕವನ್ನು ಹೆಚ್ಚಿಸಿದರು. ಅಮೆರಿಕದ ಬಿಯರಿಗೆ ಜೋಳವನ್ನೋ ಅಕ್ಕಿಯನ್ನೋ ಬೆರೆಸುವುದು ಹಳೆಯ ವಾಡಿಕೆಯೇ. ಅಲ್ಲಿಯ ಬಾರ್ಲಿಯಲ್ಲಿ ಪ್ರೋಟೀನು ಅಧಿಕವಾಗಿ ಬಿಯರು ಮಬ್ಬಾಗುತ್ತದೆ. ಪ್ರಶ್ನೆ ಇದ್ದುದು ಪ್ರಮಾಣದಲ್ಲಿ. ಒಂದೇ ಸಲಕ್ಕೆ ಎಲ್ಲವನ್ನೂ ಬದಲಿಸಿದ್ದರೆ ಕುಡಿಯುವವನು ಮೊದಲ ಗುಟುಕಿಗೇ ಉಗುಳುತ್ತಿದ್ದ. ಅವರು ಹಾಗೆ ಮಾಡಲಿಲ್ಲ. ಇಂದಿನ ಬಿಯರಿಗೂ ನಿನ್ನೆಯ ಬಿಯರಿಗೂ ವ್ಯತ್ಯಾಸ ಯಾರಿಗೂ ತಿಳಿಯದಷ್ಟು ಸಣ್ಣದು. ಆದರೆ ಹತ್ತು ವರ್ಷದ ಹಿಂದಿನ ಬಿಯರನ್ನು ಯಾರೂ ಪಕ್ಕದಲ್ಲಿಟ್ಟು ನೋಡಲಿಲ್ಲ. ಇಟ್ಟುಕೊಂಡಿದ್ದರೂ ಅದು ಉಳಿಯುವ ವಸ್ತುವಲ್ಲ.

ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ. ಮಾಲ್ಟು ಕಡಿಮೆಯಾದ ಬಿಯರಿನಲ್ಲಿ ನೊರೆ ನಿಲ್ಲಲಿಲ್ಲ. ಅದಕ್ಕಾಗಿ ಸಮುದ್ರದ ಪಾಚಿಯಿಂದ ತೆಗೆದ ಒಂದು ಪದಾರ್ಥವನ್ನು ಸೇರಿಸಿದರು. ಕಾಯದೆ ತುಂಬಿದ ಬಿಯರು ತಣ್ಣಗಾದಾಗ ಮಬ್ಬಾಗುತ್ತಿತ್ತು. ಅದಕ್ಕೆ ಸಿಲಿಕಾ ಜೆಲ್ ಬಳಸಿದರು. 1976ರಲ್ಲಿ, ಬಿಯರಿನಲ್ಲಿರುವುದೆಲ್ಲವನ್ನೂ ಚೀಟಿಯ ಮೇಲೆ ಅಚ್ಚುಹಾಕಬೇಕೆಂದು ಸರ್ಕಾರವು ಆಜ್ಞೆಮಾಡೀತೆಂಬ ಭಯ ಹುಟ್ಟಿತು. ಸಿಲಿಕಾ ಎಂಬ ಹೆಸರನ್ನು ಓದಿದ ಗಿರಾಕಿ ಏನೆಂದಾನು? ಅದನ್ನು ಬಿಟ್ಟು, ಕೊನೆಯಲ್ಲಿ ಸೋಸಿ ತೆಗೆಯಬಹುದಾದ, ಆದುದರಿಂದ ಚೀಟಿಯಲ್ಲಿ ಬರೆಯಬೇಕಾಗಿಲ್ಲದ ಇನ್ನೊಂದು ಪದಾರ್ಥವನ್ನು ಹಿಡಿದರು. ಆ ಹೊಸ ಪದಾರ್ಥಕ್ಕೂ ನೊರೆಯ ಪದಾರ್ಥಕ್ಕೂ ಹೊಂದಾಣಿಕೆಯಾಗಲಿಲ್ಲ. ಸೀಸೆಯೊಳಗೆ ಪ್ರೋಟೀನು ಒಟ್ಟುಗೂಡಿ ಬಿಳಿಯ ಚಕ್ಕೆಗಳಾಗಿ ತೇಲಿತು. ಆರೋಗ್ಯಕ್ಕೆ ಅಪಾಯವಿಲ್ಲವೆಂದು ಕಂಪನಿ ಮೊದಮೊದಲು ಸುಮ್ಮನಿದ್ದಿತು. ಅಪಾಯ ಇರಲಿಲ್ಲವೆಂಬುದು ನಿಜವೇ. ಆದರೆ ಲೋಟದಲ್ಲಿ ಚಕ್ಕೆ ತೇಲುವುದನ್ನು ಕಂಡವನಿಗೆ ರಸಾಯನಶಾಸ್ತ್ರದ ಸಮಾಧಾನ ಸಾಲುವುದಿಲ್ಲ. ಕೊನೆಗೆ ಸುಮಾರು 1 ಕೋಟಿ ಸೀಸೆ ಮತ್ತು ಡಬ್ಬಗಳನ್ನು ಅಂಗಡಿಗಳಿಂದ ವಾಪಸು ತರಿಸಿ ನಾಶಮಾಡಬೇಕಾಯಿತು.

ಗಮನಿಸಬೇಕಾದ ಸಂಗತಿಯೆಂದರೆ, ಕಂಪನಿಯು ಅತಿ ಹೆಚ್ಚು ಬಿಯರ್ ಮಾರಿದ ವರ್ಷವೂ ಅದೇ 1976. ಸುಮಾರು 2 ಕೋಟಿ 40 ಲಕ್ಷ ಪೀಪಾಯಿ! ಕಾಗದದ ಮೇಲಿನ ಅಂಕಿಗಳಿಗೆ ನಾಲಗೆಯಿಲ್ಲ. ಕುಡಿಯುವವನಿಗೆ ಗೊತ್ತಾಗಿ ಎಷ್ಟೋ ದಿನಗಳ ಮೇಲೆ ಅವುಗಳಿಗೆ ಗೊತ್ತಾಗುತ್ತದೆ. ಆ ವರ್ಷದ ಕೊನೆಯಲ್ಲಿ ರಾಬರ್ಟ್ ಈಲೈನ್ ಕ್ಯಾನ್ಸರಿನಿಂದ ತೀರಿಕೊಂಡ. ಮುಂದಿನ ವರ್ಷ ಟೆಲಿವಿಷನ್ನಿನಲ್ಲಿ ಒಂದು ಜಾಹೀರಾತು ಸರಣಿ ಬಂತು. ಶ್ಲಿಟ್ಸ್ ಬಿಟ್ಟು ಬೇರೆ ಬಿಯರ್ ಕುಡಿಯಿರೆಂದು ಯಾರೋ ಕೇಳುತ್ತಾರೆ; ಕುಸ್ತಿಯ ಪೈಲ್ವಾನನಂಥ ಆಸಾಮಿ ಕಣ್ಣು ಕೆಂಪಗೆ ಮಾಡಿ ಗದರಿಸುತ್ತಾನೆ. "ಶ್ಲಿಟ್ಸ್ ಕುಡಿ, ಇಲ್ಲವೆ ಕೊಂದೇನು" ಎಂದು ಜನರು ಅದಕ್ಕೆ ಅಡ್ಡಹೆಸರಿಟ್ಟರು. ಹಾಪ್‌ಕಿನ್ಸನ ಕಾಲದಲ್ಲಿ ತೊಟ್ಟಿಯನ್ನು ತೋರಿಸಿ ಮಾರಿದವರು ಈಗ ಮುಷ್ಟಿಯನ್ನು ತೋರಿಸಿದರು! ಅದೇ ಹೊತ್ತಿಗೆ ಸಿಗರೇಟಿನ ದೊಡ್ಡ ಕಂಪನಿಯೊಂದರ ಕೈಸೇರಿದ್ದ ಮಿಲ್ಲರ್, 1975ರಲ್ಲಿ ದೇಶಕ್ಕೆಲ್ಲ ಹಂಚಿದ ತನ್ನ ಲಘು ಬಿಯರಿನಿಂದ ಮೇಲೇರುತ್ತಿತ್ತು. ಶ್ಲಿಟ್ಸ್ ತನ್ನ ತಯಾರಿಕೆಯ ಕ್ರಮವನ್ನು ಮತ್ತೆ ತಿದ್ದಿಕೊಂಡಿತು. ಬಿಯರು ಸುಧಾರಿಸಿತೆಂದು ಬಲ್ಲವರು ಹೇಳುತ್ತಾರೆ. ಅದನ್ನು ರುಚಿನೋಡಲು ಲೋಟವನ್ನು ಮುಂದೆ ಚಾಚುವವರು ಮಾತ್ರ ಉಳಿದಿರಲಿಲ್ಲ.

1981ರ ಬೇಸಗೆಯಲ್ಲಿ ಮಿಲ್ವಾಕಿಯ ಶ್ಲಿಟ್ಸ್ ಕೆಲಸಗಾರರು ಮುಷ್ಕರ ಹೂಡಿದರು. ಆ ಮುಷ್ಕರದ ನಡುವೆಯೇ ಕಂಪನಿ ಅಲ್ಲಿಯ ಕಾರ್ಖಾನೆಯನ್ನು ಶಾಶ್ವತವಾಗಿ ಮುಚ್ಚುವುದಾಗಿ ಸಾರಿತು. ಊರಿಗೆ ಕೀರ್ತಿ ತಂದ ಬಿಯರು ಆ ಊರಿನಲ್ಲಿ ಇಲ್ಲವಾಯಿತು. 1982ರಲ್ಲಿ ಡೆಟ್ರಾಯಿಟಿನ ಸ್ಟ್ರೋ ಎಂಬ ಇನ್ನೊಂದು ಹಳೆಯ ಬ್ರೂವರಿ ಶ್ಲಿಟ್ಸ್ ಕಂಪನಿಯನ್ನು ಕೊಂಡಿತು. ತನಗಿಂತ ದೊಡ್ಡದನ್ನು ನುಂಗಿದ ಸ್ಟ್ರೋ ಸಾಲದಲ್ಲಿ ಸಿಕ್ಕಿಕೊಂಡು 1985ರಲ್ಲಿ ತನ್ನ ತವರಾದ ಡೆಟ್ರಾಯಿಟಿನ ಬ್ರೂವರಿಯನ್ನೇ ಮುಚ್ಚಿತು. 1999ರಲ್ಲಿ ತನ್ನಲ್ಲಿದ್ದ ಹೆಸರುಗಳನ್ನೆಲ್ಲ ಮಾರಿ ಬಿಯರಿನ ವ್ಯಾಪಾರದಿಂದ ಹೊರಬಿತ್ತು. ಶ್ಲಿಟ್ಸ್ ಎಂಬ ಹೆಸರನ್ನು ಆಗ ಕೊಂಡವರು ಯಾರು? ನೂರು ವರ್ಷ ಅದರ ಎದುರಾಳಿಯಾಗಿದ್ದ ಪ್ಯಾಬ್ಸ್ಟ್! ಅಷ್ಟುಹೊತ್ತಿಗೆ ಪ್ಯಾಬ್ಸ್ಟ್ ಕೂಡ 1996ರಲ್ಲಿ ತನ್ನ ಮಿಲ್ವಾಕಿಯ ಕಾರ್ಖಾನೆಯನ್ನು ಮುಚ್ಚಿಯಾಗಿತ್ತು. 2001ರಲ್ಲಿ ಕೊನೆಯದಾಗಿ ಉಳಿದಿದ್ದ ಕಾರ್ಖಾನೆಯೂ ನಿಂತು, ಬಿಯರನ್ನು ಮಿಲ್ಲರ್ ಕಂಪನಿಯಿಂದ ಗುತ್ತಿಗೆಗೆ ಮಾಡಿಸತೊಡಗಿದರು. ಬ್ಲಾಟ್ಸ್, ಶ್ಲಿಟ್ಸ್, ಪ್ಯಾಬ್ಸ್ಟ್ ಮೂವರೂ ಒಂದೇ ಕಪಾಟಿನ ಕಾಗದಗಳಾದರು. ಕೊಪ್ಪರಿಗೆಯಿಲ್ಲದ ಬ್ರೂವರಿ ಎಂಬುದೊಂದು ಇರಬಹುದೆಂದು ನಮ್ಮ ಆ ಹಿರಿಯ ಮಾರ್ಗದರ್ಶಕರು ಊಹಿಸಿದ್ದರೋ ಇಲ್ಲವೋ. 4,131 ಇದ್ದ ಬ್ರೂವರಿಗಳು 1970ರ ದಶಕದ ಅಂತ್ಯಕ್ಕೆ ನೂರಕ್ಕಿಂತ ಕಡಿಮೆಯಾಗಿದ್ದವು. 1978ರಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನ ಒಪ್ಪಿಗೆ ಸಿಕ್ಕಿದ ಮೇಲೆ ಸಣ್ಣ ಬ್ರೂವರಿಗಳು ಮತ್ತೆ ಹುಟ್ಟಿ ಇಂದು ಸಹಸ್ರಾರು ಆಗಿವೆ. ಅದು ಬೇರೆ ಭಾಷಣಕ್ಕೆ ವಿಷಯ.

2014ರಲ್ಲಿ ಮಗಳ ಮನೆಗೆಂದು ಹೋದಾಗ ಮಿಲ್ವಾಕಿಯನ್ನು ಮತ್ತೊಮ್ಮೆ ನೋಡಿದೆ. ಹಳೆಯ ಬ್ರೂವರಿಗಳ ಬೀದಿಗಳಲ್ಲಿ ಆ ವಾಸನೆ ಇರಲಿಲ್ಲ. ಶ್ಲಿಟ್ಸಿನ ಕಟ್ಟಡಗಳು ಕಚೇರಿಗಳಾಗಿವೆ. ಆ ಆವರಣಕ್ಕೆ ಶ್ಲಿಟ್ಸ್ ಪಾರ್ಕ್ ಎಂದು ಹೆಸರು. ಪ್ಯಾಬ್ಸ್ಟಿನ ಕುದಿಸುವ ಮನೆ ಹೋಟೆಲಾಗಿದೆ. ತಾಮ್ರದ ಕೊಪ್ಪರಿಗೆಗಳನ್ನು ಕದಲಿಸದೆ ಹೊಳಪು ಕೊಟ್ಟು ಅಲ್ಲಿಯೇ ಬಿಟ್ಟಿದ್ದಾರೆ. ಅವುಗಳ ಮುಂದೆ ಮದುವೆಯ ಜೋಡಿಯೊಂದು ಚಿತ್ರ ತೆಗೆಸಿಕೊಳ್ಳುತ್ತಿತ್ತು. ಬೆಂಗಳೂರಿನ ಹಳೆಯ ಬ್ರೂವರಿಯ ನೆಲದ ಮೇಲೆ ಎದ್ದಿರುವ ಯು.ಬಿ. ಸಿಟಿಯ ಗೋಪುರಗಳನ್ನು ಬಲ್ಲ ನನಗೆ ಇದು ತೀರ ಅಪರಿಚಿತವೆನಿಸಲಿಲ್ಲ. ನಮ್ಮಲ್ಲಿ ಕೊಪ್ಪರಿಗೆಯನ್ನು ಉಳಿಸಿಕೊಳ್ಳುವ ವ್ಯವಧಾನ ಕಡಿಮೆ, ಅಷ್ಟೆ.

ಅಲ್ಲಿದ್ದಾಗ ಕೇಳಿದ ಒಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. 2008ರಲ್ಲಿ ಪ್ಯಾಬ್ಸ್ಟ್ ಕಂಪನಿಯವರು ಶ್ಲಿಟ್ಸನ್ನು ಅದರ 1960ರ ದಶಕದ ರುಚಿಯಲ್ಲಿಯೇ ಮತ್ತೆ ತರಬೇಕೆಂದು ನಿಶ್ಚಯಿಸಿದರು. ಹೆಸರು ಅವರದು, ಭೂಗೋಳದ ಚಿಹ್ನೆ ಅವರದು, ಘೋಷಣೆಯೂ ಅವರದೇ. ಆದರೆ ಬಿಯರನ್ನು ಮಾಡುವ ಕ್ರಮವನ್ನು ಬರೆದಿಟ್ಟ ಕಾಗದವಿರಲಿಲ್ಲ. ಒಬ್ಬರಿಂದೊಬ್ಬರಿಗೆ ಮಾರಾಟವಾಗುತ್ತ ಬಂದ ಕಂಪನಿಯ ಗಂಟುಮೂಟೆಗಳಲ್ಲಿ ಅದು ಎಲ್ಲಿಯೋ ಕಳೆದುಹೋಗಿತ್ತು. ಆಗ ಅವರು ಶ್ಲಿಟ್ಸಿನಲ್ಲಿ ಹಿಂದೆ ಬಿಯರ್ ಕಾಯಿಸುತ್ತಿದ್ದ, ನಿವೃತ್ತರಾದ ವೃದ್ಧ ಕುಶಲಿಗರನ್ನು ಹುಡುಕಿ ಹೊರಟರು. ಅವರ ಮನೆಗಳಿಗೆ ಹೋಗಿ, ಎಷ್ಟು ಹಾಪ್ಸ್ ಹಾಕುತ್ತಿದ್ದಿರಿ, ಎಷ್ಟು ದಿನ ಇಡುತ್ತಿದ್ದಿರಿ ಎಂದು ಕೇಳಿ ಕೇಳಿ ಬರೆದುಕೊಂಡರು. ಮಾಡಿದ್ದನ್ನು ಅವರಿಗೇ ಕೊಟ್ಟು, ಹೌದೆ ಅಲ್ಲವೆ ಎಂದು ಕೇಳಿದರು. ಮಿಲ್ವಾಕಿಯ ಅಂಗಡಿಗಳಿಗೆ ಆ ಬಿಯರು ಬಂದಾಗ ನರೆತ ತಲೆಯವರು ಸಾಲುಗಟ್ಟಿ ನಿಂತರಂತೆ. ಬಂದ ಸರಕು ಬೇಗನೆ ಖರ್ಚಾಗಿ, ಹಲವರು ಹೆಸರು ಬರೆಸಿ ಹೋದರಂತೆ, ಮುಂದಿನ ಗಾಡಿಗಾಗಿ ಕಾಯಲು.